ಪದವಿಯ ವಿದ್ಯಾರ್ಥಿಗಳೂ ಸಂಶೋಧನೆಯೂ



ಸಂಶೋಧನೆಯೆಂಬುದು ಪದವಿ ಪಡೆದ ಮೇಲಿನ ಕಾರ್ಯವೆಂದು ನಮ್ಮ ಕಡೂರು, ತರೀಕೆರೆ, ಅಜ್ಜಂಪುರಗಳ ವಿದ್ಯಾರ್ಥಿಗಳು ಭಾವಿಸುವುದುಂಟು. ನಾನು ಒಪ್ಪೆನು. ಕಡೂರು ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು 1901ರಲ್ಲಿಯೇ ಅಚ್ಚು ಹಾಕಿಸಿದರು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ದೇವಾಲಯದ ಬಳಿ, ಜನ್ನಕವಿ ರಚಿಸಿದ ಶಾಸನವಿದೆ. ಅಚ್ಚಿನ ಪಾಠವನ್ನು ಹಿಡಿದು ಆ ಶಿಲೆಯ ಮುಂದೆ ಕುಳಿತು, ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ನೋಡುವುದಕ್ಕೆ ಯಾವ ಪದವಿ ಬೇಕು?

ಶಿಲೆಯು ಇನ್ನೂ ಬಹುಕಾಲ ಇದ್ದೀತು; ವೃದ್ಧರ ಮಾತು ಹಾಗಲ್ಲ. ಅಜ್ಜಂಪುರದ ಅಮೃತಮಹಲ್ ಕಾವಲಿನಲ್ಲಿ ದನ ಮೇಯಿಸಿದವರನ್ನು, ಮಲೆನಾಡಿನ ಚಳಿಜ್ವರದ ಕಾಲವನ್ನು ಕಂಡವರನ್ನು ಈಗಲೇ ಕೇಳಿರಿ. ಅವರ ಒಪ್ಪಿಗೆ ಪಡೆದು, ಊರನ್ನೂ ದಿನವನ್ನೂ ತಪ್ಪದೆ ಗುರುತಿಸಿರಿ. ನನ್ನ ಅಜ್ಜಿಯನ್ನು ನಾನು ಕೇಳಲಿಲ್ಲ. ಆಗ ಪರೀಕ್ಷೆಗೆ ಓದುತ್ತಿದ್ದೆನು.