ಓದದೆ ಒತ್ತಿದ ಹೆಬ್ಬೆಟ್ಟು

ಇವತ್ತು ಒಂದು ಹೆಬ್ಬೆಟ್ಟಿನ ಕಥೆ ಹೇಳ್ತೀನಿ. ಸಾಲಪತ್ರಕ್ಕೆ ಶಾಯಿ ಹಚ್ಚಿ ಒತ್ತುವ ಹೆಬ್ಬೆಟ್ಟಲ್ಲ. ನಿಮ್ಮ ಮೊಬೈಲ್‌ನಲ್ಲಿ ಇದೆಯಲ್ಲ, ಯಾರು ಏನೇ ಕಳಿಸಿದರೂ ನಾವು ತಿರುಗಿ ಕಳಿಸುವ ಹಳದಿ ಹೆಬ್ಬೆಟ್ಟು, ಅದರ ಕಥೆ.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯ. 2021ರ ಮಾರ್ಚ್. ಧಾನ್ಯ ಖರೀದಿಸುವ ಕಂಪನಿಯ ಪ್ರತಿನಿಧಿ ಒಬ್ಬ ರೈತರ ಜೊತೆ ಫೋನಿನಲ್ಲಿ ಮಾತಾಡುತ್ತಾರೆ. 87 ಟನ್ ಅಗಸೆ ಬೇಕು, ನವೆಂಬರ್‌ನಲ್ಲಿ ಕೊಡಬೇಕು. ಬೆಲೆ, ಅಲ್ಲಿನ ಅಳತೆಯಾದ ಬುಶೆಲ್ ಒಂದಕ್ಕೆ 17 ಡಾಲರ್. ಅಗಸೆ ಅಂದರೆ ನಮ್ಮ ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡಿ ರೊಟ್ಟಿ ಜೊತೆ ತಿನ್ನೋ ಅದೇ ಅಗಸೆ. ಪ್ರತಿನಿಧಿ ಕರಾರು ಬರೆದು, ಸಹಿ ಹಾಕಿ, ಅದರ ಫೋಟೋ ತೆಗೆದು ರೈತರಿಗೆ ಕಳಿಸಿದರು. ಒಪ್ಪಿಗೆ ತಿಳಿಸಿ ಅಂತ ಕೇಳಿದರು. ಬಂದ ಉತ್ತರ ಒಂದೇ ಒಂದು ಹೆಬ್ಬೆಟ್ಟು.

ನವೆಂಬರ್ ಬಂತು, ಅಗಸೆ ಬರಲಿಲ್ಲ. ಅಷ್ಟೊತ್ತಿಗೆ ಬೆಲೆ 41 ಡಾಲರ್‌ಗೆ ಏರಿತ್ತು. ಕಂಪನಿ ಕೋರ್ಟಿಗೆ ಹೋಯಿತು. ರೈತರು ಹೇಳಿದ್ದೇನು? ಮೆಸೇಜ್ ತಲುಪಿದೆ ಅಂತ ತಿಳಿಸೋಕೆ ಹೆಬ್ಬೆಟ್ಟು ಕಳಿಸಿದೆ, ಕರಾರಿಗೆ ಒಪ್ಪಿ ಅಲ್ಲ ಅಂತ. ನ್ಯಾಯಾಧೀಶರು ಇಬ್ಬರ ಹಳೆಯ ಮೆಸೇಜ್‌ಗಳನ್ನು ತೆಗೆಸಿ ನೋಡಿದರು. ಹಿಂದಿನ ಕರಾರುಗಳಿಗೂ ಈ ರೈತರು "ಓಕೆ", "ಹೂಂ" ಅನ್ನುವಂಥ ಒಂದೆರಡು ಪದದಲ್ಲೇ ಉತ್ತರ ಕೊಟ್ಟಿದ್ದರು, ಮಾಲನ್ನೂ ಕೊಟ್ಟಿದ್ದರು. ಹಾಗಾದರೆ ಈ ಹೆಬ್ಬೆಟ್ಟೂ ಒಪ್ಪಿಗೆಯೇ, ಸಹಿಯೇ ಎಂದು 2023ರ ಜೂನ್‌ನಲ್ಲಿ ತೀರ್ಪಾಯಿತು. ರೈತರು ಕಟ್ಟಬೇಕಾದ ಪರಿಹಾರ 82,200 ಕೆನಡಾ ಡಾಲರ್. 2024ರಲ್ಲಿ ಮೇಲ್ಮನವಿಯಲ್ಲೂ ಬಹುಮತದಿಂದ ಅದೇ ತೀರ್ಪು ಉಳಿಯಿತು.

ಅದು ಕೆನಡಾ, ನಮಗೇನು ಸ್ವಾಮಿ ಅಂತೀರಾ? ನಿಜ, ಅಲ್ಲಿನ ತೀರ್ಪು ಇಲ್ಲಿನ ಕಾನೂನಲ್ಲ. ಆದರೆ ನಮ್ಮ ಸುಪ್ರೀಂ ಕೋರ್ಟ್ 2010ರಲ್ಲೇ ಏನು ಹೇಳಿದೆ ನೋಡಿ. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವೆ ಬಾಕ್ಸೈಟ್ ಅದಿರಿನ ವ್ಯವಹಾರ. ಐದು ಹಡಗಿನ ಮಾಲು. ಮಾತುಕತೆ ಎಲ್ಲ ಇ-ಮೇಲ್‌ನಲ್ಲಿ. ಔಪಚಾರಿಕ ಕರಾರುಪತ್ರಕ್ಕೆ ಸಹಿ ಬೀಳುವ ಮೊದಲೇ ವ್ಯವಹಾರ ಮುರಿದು ಬಿತ್ತು. ಮುಖ್ಯ ಷರತ್ತುಗಳಿಗೆ ಇ-ಮೇಲ್‌ನಲ್ಲಿ ಒಪ್ಪಿದ ಮೇಲೆ ಒಪ್ಪಂದ ಆದಂತೆಯೇ ಅಂತ ಕೋರ್ಟ್ ಹೇಳಿತು. ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧು ಆಗಲ್ಲ ಅಂತ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಕೂಡ ಹೇಳುತ್ತದೆ.

ಈಗ ನಮ್ಮ ಊರಿನ ವ್ಯಾಪಾರ ನೋಡಿ. ಸೀರೆ ಅಂಗಡಿಯ ಆರ್ಡರ್, ಸಿಮೆಂಟಿನ ರೇಟು, ಅಡಿಕೆಯ ದರ, ಮದುವೆ ಮನೆಯ ಅಡುಗೆ ಕಾಂಟ್ರಾಕ್ಟು, ಎಲ್ಲ ವಾಟ್ಸಾಪ್‌ನಲ್ಲಿ. ಹಿಂದೆ ವ್ಯಾಪಾರಿಗಳು ಟೆಲಿಗ್ರಾಂ ಕೊಡುತ್ತಿದ್ದರು. ಪದಕ್ಕೆ ಇಷ್ಟು ಅಂತ ದುಡ್ಡು. ಹಾಗಾಗಿ ಪದ ಎಣಿಸಿ, ತೂಗಿ ಬರೆಯುತ್ತಿದ್ದರು. 2013ರ ಜುಲೈನಲ್ಲಿ ಆ ಟೆಲಿಗ್ರಾಂ ನಿಂತೇ ಹೋಯಿತು. ಈಗ ಮೆಸೇಜ್‌ಗೆ ಕಾಸಿಲ್ಲ, ತೂಗುವ ಅಭ್ಯಾಸವೂ ಇಲ್ಲ. ಮಾತು ಪುಕ್ಕಟೆ ಆಯಿತೇ ಹೊರತು ಮಾತಿನ ಬೆಲೆ ಕಡಿಮೆ ಆಗಲಿಲ್ಲ.

ಇದರಲ್ಲಿ ಪೆಟ್ಟು ತಿನ್ನೋದು ಯಾರು? ದೊಡ್ಡ ಕಂಪನಿಗೆ ವಕೀಲರಿದ್ದಾರೆ. ಸಣ್ಣ ವ್ಯಾಪಾರಿಗೆ ಇರೋದು ಕೈಯಲ್ಲಿರೋ ಫೋನ್ ಮಾತ್ರ. ಹಾಗಂತ ಹೆದರಬೇಕಾಗಿಲ್ಲ. ಕಟ್ಟಿಹಾಕುವ ಮೆಸೇಜೇ ಕಾಪಾಡುವ ಮೆಸೇಜೂ ಆಗಬಹುದು. ಮಾಲು ತಗೊಂಡು "ನಾನು ಆರ್ಡರ್ ಕೊಟ್ಟೇ ಇಲ್ಲ" ಅನ್ನೋ ದೊಡ್ಡವರ ಮುಂದೆ ಇಡೋಕೆ ನಿಮ್ಮ ಹತ್ತಿರ ಅದೇ ಸಾಕ್ಷಿ.

ಅದಕ್ಕೇ ಮೂರು ಮಾತು. ಒಂದು, ದರ, ತೂಕ, ತಾರೀಖು ಇರುವ ಮೆಸೇಜ್‌ಗೆ ಹೆಬ್ಬೆಟ್ಟು ಕಳಿಸಬೇಡಿ. "ಓದಿದೆ, ನಾಳೆ ತಿಳಿಸುತ್ತೇನೆ" ಅಥವಾ "ಒಪ್ಪಿದೆ" ಅಂತ ಬಿಡಿಸಿ ಬರೆಯಿರಿ. ಎರಡು, ಫೋನಿನಲ್ಲಿ ಮಾತಾಡಿ ಮುಗಿಸಿದ್ದನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿ. ಮೂರು, ವ್ಯವಹಾರದ ಚಾಟ್ ಅಳಿಸಬೇಡಿ, ತಾನಾಗಿಯೇ ಮಾಯವಾಗುವ ಸೆಟ್ಟಿಂಗ್ ಹಾಕಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಎಲೆಕ್ಟ್ರಾನಿಕ್ ದಾಖಲೆಯ ಪ್ರಿಂಟ್ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟ್ ತೋರಿಸಿ ಬಂದರೆ ಆಗಲ್ಲ. ಮೂಲ ಮೆಸೇಜ್ ಫೋನಿನಲ್ಲಿ ಉಳಿದಿರಲಿ.

ನಮ್ಮ ಅಜ್ಜಂದಿರು ಓದೋಕೆ ಬರದೆ ಹೆಬ್ಬೆಟ್ಟು ಒತ್ತಿದರು, ಹೊಲ ಕಳಕೊಂಡವರೂ ಇದ್ದಾರೆ. ಆ ಹೆಬ್ಬೆಟ್ಟು ಹೋಗಲಿ ಅಂತಲೇ ಮಕ್ಕಳನ್ನು ಶಾಲೆಗೆ ಕಳಿಸಿದರು. ಈಗ ನಾವು ಓದು ಬಲ್ಲವರು. ಆದರೂ ಓದದೆ ಒತ್ತುತ್ತಿದ್ದೇವೆ.

ನಾಳೆ ಬೆಳಿಗ್ಗೆ ಫೋನ್ ಕೈಗೆ ತಗೊಂಡಾಗ ಇದೊಂದು ನೆನಪಿರಲಿ.