ಇಳಿಜಾರಿನಲ್ಲಿ ನಿಲ್ಲುವ ಜೀಪಿಗೆ ಹ್ಯಾಂಡ್ ಬ್ರೇಕ್



ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಗೊಬ್ಬರ, ಫಸಲು ಸಾಗಿಸಲು ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಕೆಲವಕ್ಕೆ ಬೇರೆ ಗೇರ್ ಬಾಕ್ಸ್, ಬೇರೆ ಆಕ್ಸಲ್ ಕೂಡಿಸಿರುವುದುಂಟು. ಹೀಗೆ ಬದಲಾಯಿಸುವಾಗ ಹ್ಯಾಂಡ್ ಬ್ರೇಕ್ ಕಳಚಿದರೆ, ಅಳತೆ ಹೊಂದಲಿಲ್ಲವೆಂದು ಹಾಗೆಯೇ ಬಿಡುವುದು ತರವಲ್ಲ. ನಿಂತ ಜೀಪಿನ ನೆರಳಿನಲ್ಲೇ ಆಳುಗಳು ಊಟಕ್ಕೆ ಕೂರುತ್ತಾರೆ, ಮಕ್ಕಳು ಆಡುತ್ತಾರೆ.

ಗೇರಿನಲ್ಲಿ ನಿಲ್ಲಿಸಿದರೆ ಸಾಲದೆ? ಸಾಲದು. ಟ್ರಾನ್ಸ್‌ಫರ್ ಕೇಸಿನ ಸನ್ನೆ ನ್ಯೂಟ್ರಲ್‌ಗೆ ಜಾರಿದರೆ ಗೇರು ಚಕ್ರವನ್ನು ಹಿಡಿಯುವುದಿಲ್ಲ. ಕಾಲು ಬ್ರೇಕಿನ ಎಣ್ಣೆಯನ್ನು ಕವಾಟದಿಂದ ತಡೆಹಿಡಿಯುವ ಉಪಾಯವೂ ನಂಬತಕ್ಕದ್ದಲ್ಲ. ಎಣ್ಣೆ ತುಸು ಸೋರಿದರೂ, ತಣಿದರೂ ಒತ್ತಡ ಇಳಿಯುತ್ತದೆ. ಆದುದರಿಂದ ಸನ್ನೆ, ಸರಳು, ಕೇಬಲ್ಲುಗಳಿಂದ ಹಿಡಿಯುವ ಬ್ರೇಕೇ ಬೇಕು.

ಹಳೆಯ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟ್ ಕೂಡುವೆಡೆ ಪುಟ್ಟ ಬ್ರೇಕ್ ಡ್ರಮ್ ಇರುತ್ತದೆ. 5 ಅಡಿ ಉದ್ದಕ್ಕೆ 1 ಅಡಿ ಏರುವ ದಾರಿಯಲ್ಲಿ ನಿಂತ 2,000 ಕಿಲೋ ತೂಕದ ವಾಹನವನ್ನು ಸುಮಾರು 400 ಕಿಲೋ ಭಾರದಷ್ಟು ಬಲ ಕೆಳಕ್ಕೆ ಎಳೆಯುತ್ತದೆ. ಆಕ್ಸಲ್ಲಿನ ಹಲ್ಲುಗಳ ಅನುಪಾತ 5ಕ್ಕೆ 1 ಇದ್ದರೆ, ಚಕ್ರದಲ್ಲಿ ಬೇಕಾಗುವ ತಿರುಚು ಬಲದ ಐದರಲ್ಲೊಂದು ಪಾಲು ಶಾಫ್ಟಿನಲ್ಲಿ ಸಾಕು. ಪುಟ್ಟ ಡ್ರಮ್ಮು ಇಷ್ಟು ಭಾರ ತಡೆಯುವ ಗುಟ್ಟು ಇದೇ. ಇದೇ ಜಾಗದಲ್ಲಿ ಕೇಬಲ್ಲಿನಿಂದ ಹಿಡಿಯುವ ಡಿಸ್ಕ್ ಬ್ರೇಕನ್ನೂ ಅಳವಡಿಸಬಹುದು.

ಆದರೆ ಇದಕ್ಕೊಂದು ದೋಷವಿದೆ. ಒಂದು ಹಿಂಚಕ್ರವನ್ನು ಜಾಕಿನಿಂದ ಎತ್ತಿದರೆ, ಡಿಫರೆನ್ಷಿಯಲ್ ಮೂಲಕ ಅದು ವಿರುದ್ಧ ದಿಕ್ಕಿಗೆ ತಿರುಗಿ, ನೆಲದ ಮೇಲಿನ ಚಕ್ರ ಉರುಳಬಹುದು. ಶಾಫ್ಟ್ ಮುರಿದರೂ ಹಿಡಿತ ತಪ್ಪುತ್ತದೆ. ಹಿಂಚಕ್ರಗಳ ಡ್ರಮ್ಮುಗಳಿಗೇ ಕೇಬಲ್ಲು ಜೋಡಿಸಿದರೆ ಈ ಭಯವಿಲ್ಲ.

ಗಮನಿಸಬೇಕಾದ ಅಂಶಗಳು:

1. ಕೈ ಬಿಟ್ಟರೂ ಸಡಿಲಾಗದಂತೆ ಸನ್ನೆಗೆ ಹಲ್ಲುಪಟ್ಟಿ ಮತ್ತು ಕೊಕ್ಕೆ ಇರಲಿ.

2. ಟ್ರಾನ್ಸ್‌ಫರ್ ಕೇಸಿನ ಸೀಲು ಸೋರಿ ಲೈನಿಂಗ್ ನೆನೆದರೆ ಬ್ರೇಕು ಜಾರುತ್ತದೆ. ಮೊದಲು ಸೀಲು ಬದಲಾಯಿಸಿರಿ.

3. ಶಾಫ್ಟಿನ ಬ್ರೇಕನ್ನು ವಾಹನ ನಿಂತ ಮೇಲಷ್ಟೇ ಎಳೆಯಿರಿ.

4. ಹೊರೆ ಹೇರಿ, ಏರುಮುಖವಾಗಿಯೂ ಇಳಿಮುಖವಾಗಿಯೂ ನಿಲ್ಲಿಸಿ ಪರೀಕ್ಷಿಸಿರಿ. ಆಗ ಚಾಲಕ ಸೀಟಿನಲ್ಲಿರಲಿ, ಕೆಳಗಡೆ ಯಾರೂ ಇರಕೂಡದು.

5. ಬ್ರೇಕು ಎಷ್ಟೇ ಚೆನ್ನಾಗಿರಲಿ, ಇಳಿಜಾರಿನಲ್ಲಿ ಚಕ್ರಕ್ಕೆ ಮರದ ಬೆಣೆ ಕೊಡತಕ್ಕದ್ದು.

ನೋಂದಣಿಯ ವಿವರಕ್ಕೆ ಭಿನ್ನವಾಗಿ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆ ನಿರ್ಬಂಧಿಸುತ್ತದೆ. ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ನುರಿತ ಮೆಕ್ಯಾನಿಕ್‌ನಿಂದಲೇ ಈ ಕೆಲಸ ಮಾಡಿಸುವುದು ಲೇಸು.