ವಾತಾಪಿಯ ಬೆಟ್ಟಗಳೂ ಅಲ್ಲಿಯ ಕಲ್ಮನೆಗಳೂ

(ಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬನದ ಹುಣ್ಣಿವೆಗೆ ಬನಶಂಕರಿಯ ಜಾತ್ರೆಗೆ ಹೋಗದವರು ಈ ಸಭೆಯಲ್ಲಿ ವಿರಳವಾಗಿರಬಹುದು. ಮಹಾಕೂಟದ ಪುಷ್ಕರಣಿಯಲ್ಲಿ ಮಿಂದವರೂ, ೧೯೦೯ರಲ್ಲಿ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಶಿವಯೋಗಮಂದಿರಕ್ಕೆ ನಡೆದುಕೊಳ್ಳುವವರೂ ಬಹುಮಂದಿ ಇರುವರು. ಇವರೆಲ್ಲರೂ ಹೋಗುತ್ತ ಬರುತ್ತ ಬಾದಾಮಿಯ ಕೆಂಪು ಬೆಟ್ಟಗಳನ್ನು ಕಂಡೇ ಇರುವರು. ಆದರೆ ದೇವರ ದರ್ಶನವಾದ ಕೂಡಲೇ ಬುತ್ತಿಯ ಗಂಟು ಬಿಚ್ಚುವ ಅವಸರದಲ್ಲಿ ಬೆಟ್ಟದ ಕಡೆಗೆ ಯಾರೂ ತಲೆಯೆತ್ತುವದಿಲ್ಲ. ಹೀಗೆ ತಲೆಯೆತ್ತದೆ ಹೋದದ್ದರಿಂದ ಕನ್ನಡಿಗರಿಗೆ ಆದ ನಷ್ಟವು ಅಲ್ಪವಾದುದಲ್ಲ. ಅದೇನೆಂಬುದು ಮುಂದೆ ತಿಳಿಯುವದು.

ಊರು ಪಶ್ಚಿಮಕ್ಕೆ, ಅದರ ಬೆನ್ನಿಗೆ ಅಗಸ್ತ್ಯತೀರ್ಥವೆಂಬ ಕೆರೆ, ಕೆರೆಯನ್ನು ಮೂರು ಕಡೆಯಿಂದ ತಬ್ಬಿಕೊಂಡು ನಿಂತದ್ದು ಬೆಟ್ಟ. ದಕ್ಷಿಣದ ಬೆಟ್ಟದಲ್ಲಿ ಗುಹೆಗಳಿರುವವು. ಉತ್ತರದ ಬೆಟ್ಟದಲ್ಲಿ ಕೋಟೆಯೂ ಶಿವಾಲಯಗಳೂ ಇರುವವು. ಇಲ್ವಲ ವಾತಾಪಿಗಳೆಂಬ ರಾಕ್ಷಸ ಸಹೋದರರ ಕಥೆಯನ್ನು ಮಹಾಭಾರತದ ವನಪರ್ವದಲ್ಲಿ ಎಲ್ಲರೂ ಕೇಳಿರುವರು. ತಮ್ಮನಾದ ವಾತಾಪಿಯನ್ನು ಟಗರಾಗಿ ಮಾಡಿ, ಅಡಿಗೆ ಮಾಡಿ, ಅತಿಥಿಗಳಿಗೆ ಬಡಿಸಿ, ಉಂಡಮೇಲೆ ಅಣ್ಣನು ಕೂಗಿ ಕರೆಯಲು, ಅವನು ಉಂಡವರ ಹೊಟ್ಟೆಯನ್ನು ಸೀಳಿಕೊಂಡು ಹೊರಗೆ ಬರುತ್ತಿದ್ದನು. ಅಗಸ್ತ್ಯರು ಮಾತ್ರ ಅವನನ್ನು ಜೀರ್ಣಿಸಿಕೊಂಡರು. ಈ ಎರಡು ಬೆಟ್ಟಗಳೇ ಆ ಅಣ್ಣತಮ್ಮಂದಿರೆಂದು ಸ್ಥಳದ ಜನರು ತೋರಿಸುವರು. ಇದು ನಿಜವೋ ಸುಳ್ಳೋ ಎಂದು ವಾದಕ್ಕೆ ನಿಲ್ಲುವದು ವ್ಯರ್ಥ. ಆದರೆ ಈ ಕಥೆಯನ್ನು ಇಲ್ಲಿಗೆ ತಂದು ಹೊಂದಿಸಿದವನು ಬೆಟ್ಟವನ್ನು ಕಣ್ಣಿಟ್ಟು ನೋಡಿದವನೆಂಬುದರಲ್ಲಿ ಸಂದೇಹವಿಲ್ಲ. ಯಾಕೆಂದರೆ ಉತ್ತರದ ಬೆಟ್ಟವು ನೆತ್ತಿಯಿಂದ ಬುಡದ ವರೆಗೆ ಹತ್ತಾರು ಕಡೆಗೆ ಸೀಳಿಹೋಗಿದೆ. ಯಾರೋ ಒಳಗಿನಿಂದ ಹೊಟ್ಟೆಯನ್ನು ಹರಿದುಕೊಂಡು ಹೊರಬಿದ್ದಂತೆಯೇ ಅದು ತೋರುವದು.

ಆ ಸೀಳಿಗೆ ಕಾರಣವನ್ನು ಭೂಗರ್ಭಶಾಸ್ತ್ರವು ಬೇರೆ ರೀತಿಯಿಂದ ಹೇಳುವದು. ಬಾದಾಮಿಯ ಕಲ್ಲು ಮರಳುಗಲ್ಲು. ಭೂಮಿಯ ಮೇಲೆ ಪಶುಪಕ್ಷಿಗಳು ಹುಟ್ಟುವದಕ್ಕೂ ಬಹು ಮುಂಚೆ, ಐವತ್ತು ಕೋಟಿ ವರ್ಷಗಳಿಗೂ ಹಿಂದಿನ ಕಾಲದಲ್ಲಿ, ನೀರು ತಂದು ಹಾಸಿದ ಮರಳು ಪದರಪದರವಾಗಿ ಗಟ್ಟಿಗೊಂಡು ಈ ಕಲ್ಲಾಯಿತು. ರಾಬರ್ಟ್ ಬ್ರೂಸ್ ಫುಟ್ ಎಂಬ ಭೂಗರ್ಭಶಾಸ್ತ್ರಜ್ಞನು ಈ ಪ್ರಾಂತವನ್ನೆಲ್ಲ ಸುತ್ತಿ ೧೮೭೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರವುಂಟು. ಈ ಜಾತಿಯ ಶಿಲೆಗಳಿಗೆ ಕಲಾದಗಿಯ ಹೆಸರೇ ನಿಂತಿದೆ. ಕೆಳಗಿನ ಹಳೆಯ ಪದರುಗಳು ವಾಲಿ ಮಡಿಚಿಕೊಂಡಿರುವವು. ಅವುಗಳ ಮೇಲೆ ಬಹುಕಾಲದ ತರುವಾಯ ಬಿದ್ದ ಬಾದಾಮಿಯ ಪದರುಗಳು ರೊಟ್ಟಿಯ ಮೇಲೆ ರೊಟ್ಟಿಯನ್ನು ಒಟ್ಟಿದಂತೆ ಮಟ್ಟಸವಾಗಿರುವವು. ಕೆಲವು ಕಡೆಗೆ ಕಲ್ಲಿನ ಮೇಲೆ ಸಣ್ಣ ಸಣ್ಣ ತೆರೆಯ ಗುರುತುಗಳು, ಹೊಳೆಯ ದಂಡೆಯ ಮರಳಿನಲ್ಲಿ ಇಂದಿಗೂ ಕಾಣುವಂತೆಯೇ, ಹಾಗೆಯೇ ಉಳಿದಿರುವವು. ಪದರುಗಳು ಅಡ್ಡಲಾಗಿರುವಂತೆ ಬಿರುಕುಗಳು ನೆಟ್ಟಗೆ ಇರುವವು. ಆ ಬಿರುಕುಗಳಲ್ಲಿ ಮಳೆಯ ನೀರು ಇಳಿಯುತ್ತಿಳಿಯುತ್ತ ಅಗಲಗೊಳಿಸಲು, ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಇಕ್ಕಟ್ಟಾದ ಓಣಿಗಳೂ, ಒಂಟಿಯಾಗಿ ನಿಂತ ಬಂಡೆಗಳೂ ಆದವು.

ಶಿಲ್ಪಿಗೆ ಬೇಕಾದದ್ದೂ ಇದೇ. ಅಡ್ಡಪದರಿನ ಕಲ್ಲಿನಲ್ಲಿ ಮಟ್ಟಸವಾದ ಮಾಳಿಗೆಯು ಸುಲಭವಾಗಿ ಸಿಕ್ಕುವದು. ಉಳಿಗೆ ಕಲ್ಲು ಮೃದುವಾಗಿರುವದು. ಆದರೆ ನೆಟ್ಟನೆಯ ಬಿರುಕು ಒಂದು ಅಡ್ಡ ಬಂದರೂ ಮಳೆಗಾಲದಲ್ಲಿ ಗರ್ಭಗುಡಿಗೆ ನೀರು ಸೋರುವದು. ಆದಕಾರಣ ಗುಹೆಯನ್ನು ಕೊರೆಯುವ ಮೊದಲು ಬಿರುಕಿಲ್ಲದ ಬಂಡೆಯನ್ನು ಹುಡುಕುವದೇ ದೊಡ್ಡ ವಿದ್ಯೆ. ಮನೆಯನ್ನು ಕಟ್ಟುವವನು ಬುನಾದಿಯಿಂದ ಮೇಲಕ್ಕೆ ಹೋದರೆ, ಗುಹೆಯನ್ನು ಕೊರೆಯುವವನು ಮಾಳಿಗೆಯಿಂದ ಕೆಳಕ್ಕೆ ಇಳಿಯುವನು. ಕಂಬವನ್ನು ಅವನು ನಿಲ್ಲಿಸುವದಿಲ್ಲ. ಸುತ್ತಲಿನ ಕಲ್ಲನ್ನು ತೆಗೆದು ಕಂಬವನ್ನು ಉಳಿಸುವನು. ಒಂದು ಏಟು ತಪ್ಪಿದರೆ ತಿದ್ದುವದಕ್ಕೆ ಬೇರೆ ಕಲ್ಲಿಲ್ಲ.

ಮೊದಲನೆಯ ಗುಹೆಯು ಶಿವನದು. ಹೊರಗೋಡೆಯ ಮೇಲೆ ಹದಿನೆಂಟು ತೋಳುಗಳ ನಟರಾಜನು ಪ್ರಸಿದ್ಧನೇ. ಒಳಗೆ ಹರಿಹರನೂ ಅರ್ಧನಾರೀಶ್ವರನೂ ಎದುರುಬದುರಾಗಿರುವರು. ಎರಡನೆಯದು ವಿಷ್ಣುವಿನದು. ಎರಡಕ್ಕೂ ಮೂರಕ್ಕೂ ನಡುವೆ ಮನುಷ್ಯನು ಕೊರೆಯದ, ತಾನಾಗಿ ಆದ ಒಂದು ಗುಹೆಯುಂಟು. ನೋಡುವವರು ಅದನ್ನು ದಾಟಿ ಹೋಗಿಬಿಡುವರು. ಆದರೆ ಅದರಲ್ಲಿ ಸ್ವಲ್ಪ ನಿಂತು ನೋಡಿದರೆ, ಬೆಟ್ಟವು ಮೊದಲು ತಾನೇ ಗುಹೆಯನ್ನು ಮಾಡಿ ತೋರಿಸಿತು, ಶಿಲ್ಪಿಯು ಅದನ್ನು ಕಂಡು ಕಲಿತನು ಎಂದು ಊಹಿಸುವದಕ್ಕೆ ಅವಕಾಶವಿದೆ. ನಾಲ್ಕನೆಯದು ಜೈನರದು. ಮೂರು ಮತಗಳ ದೇವರು ಒಂದೇ ಬಂಡೆಯ ಸಾಲಿನಲ್ಲಿ ಇರುವರು.

ಮೂರನೆಯ ಗುಹೆಯೇ ಎಲ್ಲಕ್ಕೂ ದೊಡ್ಡದು. ಮುಂಭಾಗವೇ ಸುಮಾರು ೭೦ ಅಡಿ. ಮುಂಜೂರಿನ ಕೆಳಮೈಯಲ್ಲಿ ಹಳೆಯ ಬಣ್ಣದ ಚಿತ್ರಗಳು ಇನ್ನೂ ಮಸಕುಮಸಕಾಗಿ ಕಾಣುವವು. ಇಲ್ಲಿಯ ಸಂಸ್ಕೃತಶಾಸನವು ಶಕ ೫೦೦, ಅಂದರೆ ಕ್ರಿ. ಶ. ೫೭೮ರ ಕಾರ್ತಿಕ ಪೌರ್ಣಿಮೆಯದು. ಕೀರ್ತಿವರ್ಮನು ಆಳುತ್ತಿದ್ದಾಗ ಅವನ ತಮ್ಮನಾದ ಮಂಗಲೇಶನು ಈ ವಿಷ್ಣುಗೃಹವನ್ನು ಮಾಡಿಸಿ, ಅದರ ಪುಣ್ಯವು ಅಣ್ಣನಿಗೆ ಸಲ್ಲಲಿ ಎಂದು ಅದರಲ್ಲಿ ಬರೆಯಿಸಿರುವನು. ಸಮೀಪದಲ್ಲಿಯೇ ಅದೇ ಮಂಗಲೇಶನ ಕನ್ನಡ ಶಾಸನವೊಂದಿದೆ. ಕನ್ನಡದ ಅತಿ ಪ್ರಾಚೀನವಾದ ಶಾಸನಗಳಲ್ಲಿ ಅದೂ ಒಂದು. ಸಂಸ್ಕೃತದ ಶಾಸನವು ವಂಶವನ್ನೂ ಪರಾಕ್ರಮವನ್ನೂ ಹೊಗಳುವದು; ಕನ್ನಡದ ಶಾಸನವು ಯಾರಿಗೆ ಏನು ಕೊಟ್ಟಿತು ಎಂಬ ಕೆಲಸದ ಮಾತನ್ನೇ ನೆಟ್ಟಗೆ ಹೇಳುವದು. ಇಂಥ ಊರನ್ನು ದೇವರಿಗೆ ಬಿಟ್ಟಿದೆ, ಮಾಲೆ ಕಟ್ಟುವವನಿಗೆ ಇಷ್ಟು ಸಲ್ಲತಕ್ಕದ್ದು, ಅಳಿದವನು ಪಾತಕಿ, ಇಷ್ಟೇ. ಅರಸನ ಪ್ರಶಸ್ತಿಯು ತಿಳಿಯದಿದ್ದರೂ ನಡೆಯುವದು. ಹೂವಾಡಿಗನ ಪಾಲು ಊರಿಗೆಲ್ಲ ತಿಳಿಯಲೇಬೇಕಷ್ಟೆ. ಆ ಶಾಸನದಲ್ಲಿ ಗುಹೆಗೆ ಇಟ್ಟ ಹೆಸರು 'ಕಲ್ಮನೆ'. ಇಂದು ಎಲ್ಲರೂ ಗುಹೆ, ಗವಿ, ಮೇಣಬಸದಿ ಎಂದು ಕರೆಯುವರು. ಹದಿನಾಲ್ಕು ಶತಮಾನಗಳ ಹಿಂದಿನ ಕನ್ನಡಿಗನಿಗೆ ಅದು ದೇವರು ವಾಸಿಸುವ ಕಲ್ಲಿನ ಮನೆ. ಈ ಒಂದು ಮಾತಿನ ಮುಂದೆ ದೊಡ್ಡ ವರ್ಣನೆಗಳು ಸಪ್ಪೆ. ಉತ್ತರದ ಬೆಟ್ಟದಲ್ಲಿ ಬಂಡೆಯ ತಲೆಯ ಮೇಲೆ ಒಂಟಿಯಾಗಿ ನಿಂತ ಚೆಲುವಾದ ಗುಡಿಗೆ ಜನರು ಮಾಲೆಗಿತ್ತಿ ಶಿವಾಲಯವೆಂದು ಹೆಸರಿಟ್ಟಿರುವರು. ಮಾಲೆ ಕಟ್ಟುವವಳ ಹೆಸರು ಅರಸರ ಹೆಸರಿಗಿಂತಲೂ ಚೆನ್ನಾಗಿ ಜನರ ಬಾಯಲ್ಲಿ ಉಳಿಯಿತು.

ಇಲ್ಲಿ ಒಂದು ಕಹಿಯಾದ ಸಂಗತಿಯನ್ನು ಹೇಳದೆ ಗತ್ಯಂತರವಿಲ್ಲ. ನೋಡಲು ಬಂದವರು ಮೊಳೆಯಿಂದಲೂ ಇದ್ದಲಿಯಿಂದಲೂ ತಮ್ಮ ಹೆಸರುಗಳನ್ನು ಬಂಡೆಗಳ ಮೇಲೆ ಗೀಚಿ ಹೋಗುವ ದುರಭ್ಯಾಸವು ಹೀಗೆ ಹೆಸರಾದ ಯಾವ ಬೆಟ್ಟವನ್ನೂ ಬಿಟ್ಟಿಲ್ಲ. ಮರಳುಗಲ್ಲು ಉಳಿಗೆ ಮೃದುವಾದಂತೆ ಮೊಳೆಗೂ ಮೃದು. ಶಾಸನದ ಒಂದು ಅಕ್ಷರವು ಕೆಟ್ಟರೆ ಒಂದು ಊರಿನ ಹೆಸರೇ ಮಾಯವಾಗುವದು. ಅದನ್ನು ತಿರುಗಿ ಹುಟ್ಟಿಸಬಲ್ಲ ಪಂಡಿತನು ಇಲ್ಲ. ಭಕ್ತಿಯಿಂದ ಎಣ್ಣೆ ಸುರಿಯುವವರೂ ಸುಣ್ಣ ಬಳಿಯುವವರೂ ದುಷ್ಟರಲ್ಲ. ಆದರೆ ಕಲ್ಲಿಗೆ ಎರಡೂ ಒಂದೇ.

ಇನ್ನು ಉತ್ತರದ ಬೆಟ್ಟ. ದಕ್ಷಿಣದ ಕೋಟೆಗೆ ರಣಮಂಡಲವೆಂದೂ ಉತ್ತರದ ಕೋಟೆಗೆ ಬಾವನಬಂಡೆ ಕೋಟೆ, ಅಂದರೆ ಐವತ್ತೆರಡು ಬಂಡೆಗಳ ಕೋಟೆ ಎಂದೂ ಹೆಸರು. ಬಂಡೆಗಳನ್ನು ಎಣಿಸಿ ಇಟ್ಟ ಹೆಸರೋ, ಬಾಯಿಗೆ ಬಂದದ್ದೋ, ಹೇಗಿದ್ದರೂ ಅದು ಸ್ಥಳಕ್ಕೆ ಒಪ್ಪುವದು. ಮೆಟ್ಟಿಲುಗಳನ್ನು ಹತ್ತಿ ಸೀಳಿನೊಳಗೆ ಹೊಕ್ಕರೆ ಇಕ್ಕೆಲಗಳಲ್ಲಿಯೂ ಕಲ್ಲಿನ ಗೋಡೆ, ನೆತ್ತಿಯ ಮೇಲೆ ಬಟ್ಟೆಯ ಅಂಚಿನಷ್ಟು ಆಕಾಶ. ಮಧ್ಯಾಹ್ನದ ಬಿಸಿಲಿನಲ್ಲಿಯೂ ಅಲ್ಲಿ ತಂಪು. ನಾಲ್ಕು ಜನರು ಮೇಲೆ ನಿಂತು ಕಲ್ಲುರುಳಿಸಿದರೆ ಕೆಳಗಿನ ದಂಡು ಮುಂದುವರಿಯಲಾರದು. ರಾಜಧಾನಿಗೆ ಈ ಕಲ್ಲುಕಾಡು ಯಾಕೆ ಬೇಕಾಯಿತೆಂಬ ಪ್ರಶ್ನೆಗೆ ಆ ಓಣಿಯೇ ಉತ್ತರವು.

ಅರಸನೂ ಅದನ್ನೇ ಹೇಳಿರುವನು. ಬಾದಾಮಿಯ ಶಾಸನಗಳನ್ನು ಜಾನ್ ಫೆಯ್ತ್‌ಫುಲ್ ಫ್ಲೀಟನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಓದಿದ್ದನು. ಜೇಮ್ಸ್ ಬರ್ಜೆಸ್ಸನು ೧೮೭೪ರಲ್ಲಿ ಗುಹೆಗಳನ್ನು ಅಳೆದು ವರದಿ ಬರೆದಿದ್ದನು. ಇಬ್ಬರೂ ಶ್ರಮಜೀವಿಗಳು. ಹಾಗಿದ್ದರೂ ಉತ್ತರದ ಬೆಟ್ಟದ ಬಂಡೆಯ ಮೇಲಿನ ಒಂದು ಶಾಸನವು ಯಾರ ಕಣ್ಣಿಗೂ ಬೀಳದೆ ಉಳಿದು, ೧೯೪೧ರಲ್ಲಿ ಬೆಳಕಿಗೆ ಬಂದಿತು. ಅದು ಶಕ ೪೬೫, ಅಂದರೆ ಕ್ರಿ. ಶ. ೫೪೩ರದು. ಅಶ್ವಮೇಧವನ್ನು ಮಾಡಿದ ಚಲಿಕ್ಯ ವಲ್ಲಭೇಶ್ವರನು, ಅಂದರೆ ಮೊದಲನೆಯ ಪುಲಕೇಶಿಯು, ಮೇಲಿನಿಂದಲೂ ಕೆಳಗಿನಿಂದಲೂ ಶತ್ರುಗಳಿಗೆ ದುರ್ಗಮವಾದ ವಾತಾಪಿಯೆಂಬ ಪರ್ವತಶ್ರೇಷ್ಠವನ್ನು ದುರ್ಗವಾಗಿ ಮಾಡಿದನೆಂಬುದೇ ಅದರ ತಾತ್ಪರ್ಯ. ಚಲುಕ್ಯರ ರಾಜ್ಯವು ಹುಟ್ಟಿದ ಕಾಲವನ್ನು ಪಂಡಿತರು ಅಲ್ಲಿಯ ವರೆಗೆ ಹಿಂದುಮುಂದಿನ ಶಾಸನಗಳಿಂದ ಊಹಿಸುತ್ತಿದ್ದರು. ಈ ಶಾಸನವು ಸ್ಥಾಪಕನ ಕಾಲದ್ದೇ ಆದ ಖಚಿತವಾದ ವರ್ಷವನ್ನು ಕೈಯಲ್ಲಿಟ್ಟಿತು. ಸುಮಾರು ಹದಿನಾಲ್ಕು ನೂರು ವರ್ಷ ಜನರು ಅದೇ ಬೆಟ್ಟದ ಬುಡದ ಕೆರೆಯಲ್ಲಿ ನೀರು ತುಂಬಿದರು, ಎಮ್ಮೆಗಳಿಗೆ ನೀರು ಕುಡಿಸಿದರು, ಅರಿವೆ ಒಗೆದರು. ಊರನ್ನು ದುರ್ಗವಾಗಿ ಮಾಡಿದವನ ಬರಹವು ಮೇಲೆ ಇದ್ದೇ ಇದ್ದಿತು. ಮೊದಲು ಹೇಳಿದ ನಷ್ಟವೆಂದರೆ ಇದು. ಓದು ಬಲ್ಲವರು ಇದ್ದರು, ಬರಹವೂ ಇದ್ದಿತು. ನಡುವೆ ನೋಡುವವನಿಲ್ಲದೆ ಹೋದನು.

ತಟ್ಟುಕೋಟೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿರುವದು, ಸುಮಾರು ಕ್ರಿ. ಶ. ೭೦೦ರದು. ಜನರು ಬೀಸುವಾಗ ಕುಟ್ಟುವಾಗ ಹಾಡುವ ತ್ರಿಪದಿಯ ಮಟ್ಟಿಗೆ ಅದಕ್ಕಿಂತ ಹಳೆಯ ಉದಾಹರಣೆಯು ಇದು ವರೆಗೆ ದೊರೆತಿಲ್ಲ. ಪಲ್ಲವ ನರಸಿಂಹವರ್ಮನು ೬೪೨ರಲ್ಲಿ ಊರನ್ನು ಗೆದ್ದು ಬರೆಯಿಸಿದ ಶಾಸನವೂ ಇಲ್ಲಿಯ ಬಂಡೆಯ ಮೇಲೆಯೇ ಇದೆ. ಗೆದ್ದವನೂ ಸೋತವನೂ ಒಂದೇ ಕಲ್ಲನ್ನು ಹಂಚಿಕೊಂಡರು. ಮುಂದೆ ೧೭೮೬ರಲ್ಲಿ ಮರಾಠರೂ ನಿಜಾಮನೂ ಕೂಡಿ ಟೀಪುವಿನ ಕಡೆಯವರಿಂದ ಕೋಟೆಯನ್ನು ಕಿತ್ತುಕೊಂಡದ್ದೂ, ೧೮೧೮ರಲ್ಲಿ ಮನ್ರೋ ಸಾಹೇಬನು ಹಿಡಿದದ್ದೂ ಚರಿತ್ರೆಯಲ್ಲಿ ಪ್ರಸಿದ್ಧ. ೧೯೯೭ರಿಂದ ಈ ಪ್ರಾಂತವು ಬಾಗಲಕೋಟೆಯ ಜಿಲ್ಲೆಗೆ ಸೇರಿದೆ.

ಕೆರೆಯ ಮೂಡಣ ದಂಡೆಯಲ್ಲಿ ಭೂತನಾಥನ ಗುಡಿಯು ನೀರಿಗೆ ಕಾಲಿಟ್ಟಂತೆ ನಿಂತಿದೆ. ಅದರ ಹಿಂದಿನ ಬಂಡೆಗಳಲ್ಲಿ ವರಾಹ, ಗಣಪತಿ ಮೊದಲಾದ ಮೂರ್ತಿಗಳು. ಒಂದು ಬಂಡೆಯ ಅಡಿಯಲ್ಲಿ ಅನಂತಶಯನನು. ಅಲ್ಲಿಯೇ ಒಂದು ಸಣ್ಣ ಗವಿಯೊಳಗೆ ಕುಳಿತ ವಿಗ್ರಹವನ್ನು ಜನರು ಕೋಷ್ಟರಾಯನೆಂದು ಕರೆದು, ಕೆರೆಯಲ್ಲಿ ಮಿಂದು ಕುಷ್ಠವನ್ನು ಕಳೆದುಕೊಂಡ ಅರಸನ ಕಥೆಯನ್ನು ಹೇಳುವರು. ಆ ವಿಗ್ರಹವು ಯಾರದೆಂದು ಪಂಡಿತರಲ್ಲಿ ಒಮ್ಮತವಿಲ್ಲ. ಜನರಲ್ಲಿ ಮಾತ್ರ ಸಂಶಯವೇ ಇಲ್ಲ. ಮಳೆಯು ಜೋರಾದ ದಿವಸ ಮೇಲಿನ ಹಾಸುಬಂಡೆಯ ನೀರು ಅಕ್ಕತಂಗಿಯರೆಂಬ ಜೋಡು ಧಾರೆಗಳಾಗಿ ಧುಮುಕಿ ಕೆರೆಗೆ ಸೇರುವದು. ಅದನ್ನು ಕಾಣಬೇಕೆನ್ನುವವನು ಜಾತ್ರೆಗಲ್ಲ, ಶ್ರಾವಣದಲ್ಲಿ ಹೋಗತಕ್ಕದ್ದು.

ಇಷ್ಟನ್ನು ನೋಡಿ ಹಿಂದಿರುಗುವವರೇ ಹೆಚ್ಚು. ಕಾಲಿನಲ್ಲಿ ಶಕ್ತಿಯಿದ್ದವರು ಕುರುಚಲು ಕಾಡಿನ ಕಾಲುದಾರಿಯಿಂದ ಸುಮಾರು ನಾಲ್ಕು ಕಿಲೋಮೀಟರ ನಡೆದು ಸಿಡಿಲಫಡಿಗೆ ಹೋಗಬೇಕು. ಈ ಪ್ರಾಂತದಲ್ಲಿ ಫಡಿಯೆಂದರೆ ಕಲ್ಲಿನ ಗವಿ. ಐಹೊಳೆಯ ರಾವಣಫಡಿಯ ಹೆಸರಿನಲ್ಲಿಯೂ ಅದೇ ಮಾತಿದೆ. ಎರಡು ದೊಡ್ಡ ಬಂಡೆಗಳ ಮೇಲೆ ಕಲ್ಲು ಸೇತುವೆಯಂತೆ ಹಾಸಿಕೊಂಡು, ನಡುವೆ ತೂತುಗಳಾಗಿ, ಅವುಗಳಿಂದ ಬಿಸಿಲು ಒಳಕ್ಕೆ ಇಳಿಯುವದು. ಸಿಡಿಲು ಬಡಿದು ತೂತಾಯಿತೆಂದು ಈ ಹೆಸರು. ನೀರೂ ಗಾಳಿಯೂ ಸಾವಿರಾರು ವರ್ಷ ಮಾಡಿದ ಕೆಲಸಕ್ಕೆ ಜನರು ಒಂದು ಕ್ಷಣದ ಸಿಡಿಲನ್ನು ಕಾರಣ ಮಾಡಿದರು. ಅಲ್ಲಿಯ ಗೋಡೆಗಳಲ್ಲಿ ಕೆಮ್ಮಣ್ಣಿನಿಂದ ಬರೆದ ಮನುಷ್ಯರ, ಮೃಗಗಳ ಚಿತ್ರಗಳುಂಟು. ನೆಲದಲ್ಲಿ ಸಣ್ಣ ಸಣ್ಣ ಕಲ್ಲಿನ ಆಯುಧಗಳು ದೊರೆತಿರುವವು. ಲೋಹವನ್ನು ಕಾಣದ ಬೇಟೆಗಾರರು ಮಳೆಗೆ ಹೆದರಿ ಇದರೊಳಗೆ ಕುಳಿತಿದ್ದರು. ಪುಲಕೇಶಿಯು ಅವರಿಗೆ ನಿನ್ನೆ ಬಂದವನಷ್ಟೆ. ಕಲ್ಮನೆಯೆಂಬ ಮಾತು ಹುಟ್ಟುವದಕ್ಕಿಂತ ಎಷ್ಟೋ ಮುಂಚೆ ಕಲ್ಲಿನಲ್ಲಿ ಮನೆ ಮಾಡಿದವರು ಅವರು.

ಮಹಾಕೂಟಕ್ಕೆ ಹೋಗುವ ಭಕ್ತರು ಒಮ್ಮೆಯಾದರೂ ಮೋಟಾರನ್ನು ಬಿಟ್ಟು ಗುಡ್ಡದ ಹಳೆಯ ದಾರಿಯನ್ನು ಹಿಡಿಯಲಿ. ನಡುವಿನ ಕಾಡಿನಲ್ಲಿ ನಾಗನಾಥಕೊಳ್ಳದ ಹಳೆಯ ಶಿವಾಲಯವಿದೆ. ಮಹಾಕೂಟದಲ್ಲಿ ಬೇಸಿಗೆಯಲ್ಲಿಯೂ ಬತ್ತದ ಬುಗ್ಗೆಯ ನೀರು. ಮೇಲೆ ಬಿದ್ದ ಮಳೆಯನ್ನು ಈ ಮರಳುಗಲ್ಲು ತಡೆದಿಟ್ಟು ನಿಧಾನವಾಗಿ ಬಿಡುವ ಗುಣವೇ ಅದಕ್ಕೆ ಕಾರಣವು. ಅಲ್ಲಿ ಮಂಗಲೇಶನು ಸುಮಾರು ೬೦೨ರಲ್ಲಿ ನಿಲ್ಲಿಸಿದ ಶಾಸನಸ್ತಂಭದಲ್ಲಿ ಮಕುಟೇಶ್ವರನಿಗೆ ಕೊಟ್ಟ ಊರುಗಳ ದಾನವು ಬರೆದಿದೆ. ಸ್ತಂಭವನ್ನು ವಿಜಾಪುರದ ವಸ್ತುಸಂಗ್ರಹಾಲಯಕ್ಕೆ ಒಯ್ದಿರುವರು. ಅಕ್ಷರಗಳು ಅಲ್ಲಿ ಸುರಕ್ಷಿತವಾಗಿರುವವು. ದೇವರು ಮಾತ್ರ ಮಹಾಕೂಟದಲ್ಲಿಯೇ ಇದ್ದಾನೆ. ಇಂದಿಗೂ ಮಿಂದು ಬಂದವರ ಒದ್ದೆಯ ಹೆಜ್ಜೆಗಳು ಅವನ ಬಾಗಿಲ ವರೆಗೆ ಮೂಡುತ್ತಿರುವವು.